ಒಂದೇ ಗ್ಲೌಸು, ಮೂರು ಉತ್ತರ

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದು ಸಣ್ಣ ಲ್ಯಾಬು. ಕಾರ್ಖಾನೆಯವರು ತೊಡುವ ಗ್ಲೌಸು, ಏಪ್ರನ್‌ಗಳ ಮೂಲಕ ರಾಸಾಯನಿಕ ಎಷ್ಟು ಹೊತ್ತಿಗೆ ಆಚೆ ಬದಿಗೆ ಬರುತ್ತದೆಂದು ನೋಡುವುದು ಕೆಲಸ. ಒಂದು ಮೇ ತಿಂಗಳಲ್ಲಿ ಒಂದೇ ಪೆಟ್ಟಿಗೆಯ ನೈಟ್ರೈಲ್ ರಬ್ಬರಿನ ಗ್ಲೌಸಿಗೆ ಟಾಲೂಯಿನ್ ಎಂಬ ದ್ರಾವಕ ಹಾಕಿ ಮೂವರು ಪರೀಕ್ಷೆ ಮಾಡಿದೆವು. ನನಗೆ 19 ನಿಮಿಷ, ಇನ್ನೊಬ್ಬರಿಗೆ 14, ವಿಜಯಪುರದ ನಮ್ಮ ಹುಡುಗನಿಗೆ 11. ಗಿರಾಕಿ ತಂದ ಹಳೆಯ ವರದಿಯಲ್ಲಿ 24!

ವರದಿಯ ಗುಟ್ಟು ಬೇಗ ಸಿಕ್ಕಿತು. ಅದು ಯುರೋಪಿನ ಪದ್ಧತಿಯದು. ಅಲ್ಲಿ ಪ್ರತಿ ಚದರ ಸೆಂಟಿಮೀಟರಿನಿಂದ ನಿಮಿಷಕ್ಕೆ 1 ಮೈಕ್ರೋಗ್ರಾಂ ಬಂದಾಗ ಗಡಿಯಾರ ನಿಲ್ಲಿಸುತ್ತಾರೆ, ಉಷ್ಣತೆ 23 ಡಿಗ್ರಿ. ನಾವು ಹಿಡಿದದ್ದು ಅಮೆರಿಕದ ಪದ್ಧತಿ, ಎಎಸ್‌ಟಿಎಂ ಎಫ್‌739. ಅದರ ಗಡಿ 0.1, ಉಷ್ಣತೆ 27. ನಮ್ಮ ಸಂಖ್ಯೆ ಚಿಕ್ಕದಾಗದೆ ಇನ್ನೇನಾದೀತು?

ನಮ್ಮೊಳಗಿನ ಜಗಳವೇ ಕಷ್ಟದ್ದು. "ಸರ್, ಗಡಿಯಾರ ಯಾವಾಗ ಒತ್ತಬೇಕ್ರಿ? ಸುರಿಯೋದಕ್ಕ ಶುರು ಮಾಡಿದಾಗೋ, ಸೆಲ್ ತುಂಬಿದ ಮ್ಯಾಲೋ?" ಅಂತ ಹುಡುಗ ಕೇಳಿದ. ಸೆಲ್ ಅಂದರೆ ಗ್ಲೌಸಿನ ತುಂಡನ್ನು ನಡುವೆ ಬಿಗಿದು, ಒಂದು ಬದಿಗೆ ರಾಸಾಯನಿಕ ಸುರಿಯುವ ಡಬ್ಬಿ. ಮೂರು ವರ್ಷದಿಂದ ಇದೇ ಪರೀಕ್ಷೆ ಮಾಡುತ್ತಿದ್ದ ನನ್ನ ಬಳಿ ಬರೆದಿಟ್ಟ ಉತ್ತರವಿರಲಿಲ್ಲ. ನಾಚಿಕೆಯಾಯಿತು.

ಅಂದಿನಿಂದ ಒಂದೊಂದೇ ಬದಲಿಸಿ ನೋಡಿದೆವು. ಅವನ ಸೆಲ್ ಕಿಟಕಿ ಪಕ್ಕದ ಮೇಜಿನ ಮೇಲಿತ್ತು, ಮಧ್ಯಾಹ್ನದ ಬಿಸಿಲು ನೇರ ಬೀಳುತ್ತಿತ್ತು. ಬಿಸಿಗೆ ಅಣುಗಳು ರಬ್ಬರಿನೊಳಗೆ ಬೇಗ ಸಾಗುತ್ತವೆ. ಮೇಲಾಗಿ ಬೋಲ್ಟ್ ಬಿಗಿಯುವಾಗ ಅವನು ತುಂಡನ್ನು ಎಳೆದು ಕೂರಿಸುತ್ತಿದ್ದ, ಅಂಗೈ ಭಾಗ ತೆಳುವಾಗುತ್ತಿತ್ತು. ಹಾಗಂತ ನನ್ನ 19 ಕೂಡ ಸಾಚಾ ಅಲ್ಲ: ಸೆಲ್‌ನಿಂದ ಆವಿ ಅಳೆಯುವ ಡಿಟೆಕ್ಟರಿಗೆ ನಾನು ಹಾಕಿದ್ದು ಸಿಲಿಕೋನ್ ಕೊಳವೆ. ಟಾಲೂಯಿನ್ ಆವಿಯನ್ನು ಮೊದಲು ಅದೇ ಕುಡಿದು, ಉಳಿದದ್ದನ್ನು ಮುಂದೆ ಕಳಿಸುತ್ತಿತ್ತು. ಟೆಫ್ಲಾನ್ ಕೊಳವೆ ಹಾಕಿ ಅಳತೆಯನ್ನೂ ಗಿಡ್ಡ ಮಾಡಿದ ದಿನ ನನ್ನ ಸಮಯ ನಾಲ್ಕು ನಿಮಿಷ ಇಳಿಯಿತು.

ಈಗ ಸೆಲ್ ನೀರಿನ ತೊಟ್ಟಿಯಲ್ಲಿ 27ಕ್ಕೇ ಕೂರುತ್ತದೆ, ಟಾಲೂಯಿನ್ ಬಾಟಲಿಯೂ ಜೊತೆಗೆ. ತುಂಡಿನ ದಪ್ಪವನ್ನು ಐದು ಕಡೆ ಅಳೆದು ಬರೆಯುತ್ತೇವೆ. ದ್ರವ ತುಂಡನ್ನು ಮುಟ್ಟಿದ ಕ್ಷಣಕ್ಕೇ ಗಡಿಯಾರ. ಆಚೆ ಬದಿಗೆ ಬಂದ ಆವಿಯನ್ನು ಡಿಟೆಕ್ಟರಿಗೆ ಒಯ್ಯುವ ನೈಟ್ರೋಜನ್ ಹರಿವನ್ನು ಆರಂಭದಲ್ಲೂ ಕೊನೆಯಲ್ಲೂ ನೋಡುತ್ತೇವೆ. ವಾರಕ್ಕೊಮ್ಮೆ ಒಂದೇ ರೋಲಿನ ನಿಯೋಪ್ರೀನ್ ರಬ್ಬರ್ ಹಾಳೆಗೆ ಅಸಿಟೋನ್ ಹಾಕುತ್ತೇವೆ. ಅದರ ಸಮಯ ಆಚೀಚೆ ಆದರೆ ಗಿರಾಕಿಯ ಮಾಲನ್ನು ಮುಟ್ಟುವುದಿಲ್ಲ. ಗುರುವಾರ ಕರೆಂಟ್ ಹೋಗುವ ಭಯ, ಹಾಗಾಗಿ ಎಂಟು ತಾಸು ನಡೆಯುವ ಪರೀಕ್ಷೆ ಅಂದು ಹಚ್ಚುವುದಿಲ್ಲ.

ಹೊಸಬರಿಗೆ ನಾನು ಮೊದಲು ಹೇಳುವುದು ಅಮೆರಿಕದ ಡಾರ್ಟ್‌ಮತ್‌ನ ವಿಜ್ಞಾನಿ ಕ್ಯಾರೆನ್ ವೆಟರ್‌ಹಾನ್ ಕಥೆ. 1996ರಲ್ಲಿ ಡೈಮಿಥೈಲ್ ಮರ್ಕ್ಯುರಿ ಎಂಬ ಪಾದರಸದ ವಿಷದ ಕೆಲವು ಹನಿ ಲ್ಯಾಟೆಕ್ಸ್ ಗ್ಲೌಸಿನ ಮೇಲೆ ಬಿತ್ತು. ಮರುವರ್ಷ ಅವರು ತೀರಿಕೊಂಡರು. ಗ್ಲೌಸಿನಲ್ಲಿ ತೂತಿರಬೇಕು ಅಂತ ಹುಡುಗರು ಅಂದುಕೊಳ್ಳುತ್ತಾರೆ. ತೂತೇ ಬೇಕಿಲ್ಲ, ಅದು ರಬ್ಬರಿನಲ್ಲೇ ಕರಗಿ ದಾಟುತ್ತದೆ.

ಈಗ ಹೊಲಿಗೆಯ ಸರದಿ. ಏಪ್ರನ್ ಹೊಲಿಗೆಯ ಉಬ್ಬಿನ ಮೇಲೆ ಗ್ಯಾಸ್ಕೆಟ್ ಸಮ ಕೂರುವುದೇ ಇಲ್ಲ. ನಿನ್ನೆಯೂ ಸೆಲ್ ಪಕ್ಕದಿಂದ ಸೋರಿತು.