ಡೀಸೆಲ್ ಮಣ್ಣಿಗೆ ಹೊಟ್ಟು, ಕೋಳಿ ಗೊಬ್ಬರ: ನನ್ನ ಅನುಭವ

ಡೀಸೆಲ್ ಬಿದ್ದ ಮಣ್ಣಿಗೆ ಹೊಟ್ಟು, ಗೊಬ್ಬರ ಬೆರೆಸಿ ಸೂಕ್ಷ್ಮಜೀವಿಗಳಿಂದ ಎಣ್ಣೆ ಕರಗಿಸುತ್ತೇನೆ ಅಂದರೆ ಸಿಗುವ ಉತ್ತರ ಒಂದೇ: "ಹೊಟ್ಟು ಬೆರೆಸಿದರೆ ಎಣ್ಣೆ ಎಲ್ಲೂ ಹೋಗಲ್ಲ, ರಾಶಿ ದೊಡ್ಡದಾಗಿ ಲ್ಯಾಬಿನ ಅಂಕಿ ಮಾತ್ರ ಇಳಿಯುತ್ತೆ." ಈ ಮಾತು ಕೇಳಿ ಕೇಳಿ ಸಾಕಾಗಿತ್ತು. ಅದಕ್ಕೇ ಈ ಸಲ ಎರಡು ರಾಶಿ ಹಾಕಿದೆ. ಎರಡಕ್ಕೂ ಒಂದೇ ಡೀಸೆಲ್ ಮಣ್ಣು, ಒಂದೇ ಅಳತೆ ಭತ್ತದ ಹೊಟ್ಟು. ಕೋಳಿ ಗೊಬ್ಬರ ಒಂದಕ್ಕೆ ಮಾತ್ರ. ಬೆರೆಸಿದ ದಿನವೇ ಎರಡರ ಮಾದರಿಯನ್ನೂ ಲ್ಯಾಬಿಗೆ ಕಳಿಸಿದೆ. ಲೆಕ್ಕ ಶುರುವಾಗಬೇಕಾದದ್ದು ಬೆರೆಸಿದ ಮೇಲಿನ ಅಂಕಿಯಿಂದ, ಅಲ್ವಾ?

ಮೂರು ತಿಂಗಳಾಗುವಷ್ಟರಲ್ಲಿ ಗೊಬ್ಬರದ ರಾಶಿಯಲ್ಲಿ ಟಿಪಿಎಚ್ (ಮಣ್ಣಿನಲ್ಲಿರುವ ಒಟ್ಟು ಪೆಟ್ರೋಲಿಯಂ ಎಣ್ಣೆಯ ಅಳತೆ) ಹೆಚ್ಚುಕಡಿಮೆ ಮುಕ್ಕಾಲು ಪಾಲು ಇಳಿದಿತ್ತು. ಬರಿ ಹೊಟ್ಟಿನದ್ದರಲ್ಲಿ ಮೂರನೇ ಒಂದು ಪಾಲು. ಅದರಲ್ಲೂ ಒಂದಷ್ಟು ಸುಮ್ನೆ ಆವಿಯಾಗಿ ಹೋದದ್ದೇ. ವರದಿ ತೋರಿಸಿದ ಮೇಲೆ ಯಾರೂ ಮಾತಾಡಲಿಲ್ಲ. ನನಗೆ ಹೆಮ್ಮೆ ಇದೆ.

ಇದಕ್ಕೆ ಮುಂಚೆ ದುಡ್ಡು ತಿಂದ ರಾಶಿಗಳೂ ಇವೆ. ಮರದ ಪುಡಿ ಹಾಕಿದ್ದರಲ್ಲಿ ಸೂಕ್ಷ್ಮಜೀವಿಗಳು ಇದ್ದ ಸಾರಜನಕವನ್ನೆಲ್ಲ ಪುಡಿ ಕೊಳೆಸಲು ಬಳಸಿಕೊಂಡವು, ಡೀಸೆಲ್ ಹಾಗೇ ಉಳಿಯಿತು. ಇಂಗಾಲ, ಸಾರಜನಕ, ರಂಜಕ 100:10:1 ಇರಬೇಕೆಂಬ ಲೆಕ್ಕ ಹಿಡಿದು ಒಂದೇ ಸಲ ಯೂರಿಯಾ ಸುರಿದ ರಾಶಿ ಅಮೋನಿಯಾ ವಾಸನೆ ಹೊಡೆದು ತಣ್ಣಗಾಯಿತು. ಕೋಳಿ ಗೊಬ್ಬರ ಸಾರಜನಕವನ್ನು ನಿಧಾನಕ್ಕೆ ಬಿಟ್ಟುಕೊಡುತ್ತದೆ, ಅದೇ ಅದರ ಗುಣ. ಭತ್ತದ ಹೊಟ್ಟಿನಲ್ಲಿ ಸಿಲಿಕಾ ಜಾಸ್ತಿ, ಬೇಗ ಕೊಳೆಯಲ್ಲ, ಹಾಗಾಗಿ ಜೇಡಿಮಣ್ಣಿನಲ್ಲೂ ಗಾಳಿ ಆಡುತ್ತಿರುತ್ತದೆ. ವಾರಕ್ಕೊಮ್ಮೆ ಮಗುಚಿದೆ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಆಗಬೇಕು, ನೀರು ತೊಟ್ಟಿಕ್ಕಬಾರದು. ಅಷ್ಟೇ ತೇವ.

ಖರ್ಚಿನ ವಿಷಯ. ಹೊಟ್ಟು ಪುಕ್ಕಟೆ ಸಿಕ್ಕರೂ ಸಾಗಣೆ ಪುಕ್ಕಟೆ ಅಲ್ಲ. ತೂಕವೇ ಇಲ್ಲದೆ ಲಾರಿ ತುಂಬಿಬಿಡುತ್ತದೆ. ಆದರೂ ಎಲ್ಲಕ್ಕಿಂತ ಜಾಸ್ತಿ ಹೋದದ್ದು ಲ್ಯಾಬಿಗೆ. ಎಲ್ಲ ಕೂಡಿಸಿದರೂ ಮಣ್ಣು ಅಗೆದು ಬೇರೆಡೆ ಸಾಗಿಸುವ ಖರ್ಚಿನ ಅರ್ಧ ಆಗಲಿಲ್ಲ.

ಹಳೆ ರಾಶಿಯ ಮಣ್ಣನ್ನು ಹೊಸದಕ್ಕೆ ಹೆಪ್ಪಿನ ಹಾಗೆ ಸೇರಿಸುತ್ತೇನೆ. ಎಷ್ಟು, ಯಾವಾಗ ಎನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಪಕ್ಕದಲ್ಲೇ ಇನ್ನೊಂದು ಪ್ರಯೋಗ ನಡೆದಿದೆ. ಗ್ಯಾರೇಜಿನ ಹಳೆ ಎಂಜಿನ್ ಆಯಿಲ್ ಬಿದ್ದ ಮಣ್ಣಿಗೆ ಚಿಪ್ಪಣಬೆ ಬೆಳೆದು ಬಿಟ್ಟ ಹುಲ್ಲು ಹಾಕಿದ್ದೇನೆ. ಬಿಳಿ ಬೂಷ್ಟು ಚೆನ್ನಾಗಿ ಹರಡಿದೆ, ವಾಸನೆಯೂ ಇಳಿದಿದೆ. ಆದರೆ ಹಳೆ ಆಯಿಲ್‌ನಲ್ಲಿ ಸತು, ಸೀಸದಂಥ ಲೋಹಗಳಿರುತ್ತವೆ. ಅವನ್ನು ಯಾವ ಅಣಬೆಯೂ ಕರಗಿಸಿ ಇಲ್ಲವಾಗಿಸಲ್ಲ. ಹಾಗಾಗಿ ಟಿಪಿಎಚ್ ಎಷ್ಟೇ ಇಳಿದರೂ ಲೋಹದ ಪರೀಕ್ಷೆ ಆಗದೆ ಆ ಮಣ್ಣನ್ನು ಹೊಲಕ್ಕೆ ಬಿಡಲ್ಲ.