ಕಾಂಡ್ಲಾ ನೆಡೋಕೆ ಮುಂಚೆ ಭರತಿ ಎಲ್ಲಿವರೆಗೆ ಬರತ್ತೆ ನೋಡಿ

ಕುಮಟಾ, ಕಾರವಾರ ಕಡೆ ಅಳಿವೇಲಿ ಕಾಂಡ್ಲಾ (ಮ್ಯಾಂಗ್ರೋವ್ ಗಿಡ) ನೆಡೋ ಪ್ಲಾನ್ ಇದ್ರೆ ಮೊದ್ಲು ಗಿಡ ಹುಡುಕ್ಬೇಡಿ, ಜಾಗ ನೋಡಿ. ರಿಸರ್ಚ್ ಹೇಳೋದೂ ಇದನ್ನೇ, ಕಾಂಡ್ಲಾ ಬದುಕೋದು ಸಮುದ್ರದ ಸರಾಸರಿ ಮಟ್ಟಕ್ಕೂ ಅಮಾಸೆ-ಹುಣ್ಣಿಮೆ ಭರತಿ (ಉಬ್ಬರದ ನೀರು) ಮುಟ್ಟೋ ಮಟ್ಟಕ್ಕೂ ನಡುವೆ, ಅದಕ್ಕಿಂತ ಕೆಳಗಿನ ಕೆಸರಲ್ಲಿ ನೆಟ್ರೆ ಗಿಡ ತುಂಬಾ ಹೊತ್ತು ಮುಳುಗಿದ್ದು ಸಾಯತ್ತೆ. ಹತ್ರದಲ್ಲಿ ತಾನಾಗೇ ಬೆಳೆದ ಕಾಂಡ್ಲಾ ಇರತ್ತಲ್ಲ, ಅದು ಯಾವ ಎತ್ತರದಲ್ಲಿದೆ ಅಂತ ಉದ್ದ ಪೈಪಲ್ಲಿ ನೀರು ತುಂಬ್ಸಿ ಲೆವೆಲ್ ಹಿಡೀರಿ, ಗೌಂಡಿಗಳು ಹಿಡಿಯೋ ಹಾಗೇನೇ, ನಿಮ್ ಜಾಗಾನೂ ಅದೇ ಎತ್ತರಕ್ಕೆ ಬರ್ಬೇಕು.

ಪಾಳು ಬಿದ್ದ ಗಜನಿ (ಅಳಿವೆ ಪಕ್ಕದ ಉಪ್ಪುನೀರಿನ ಗದ್ದೆ) ಆದ್ರೆ ಅದರ ಕಟ್ಟು ಭರತಿ ನೀರು ತಡೀತಿದ್ಯಾ ನೋಡಿ. ಗಜನಿಯವ್ರು ಒಪ್ಪಿದ್ರೆ ಅಲ್ಲಿ ದಾರಿ ಬಿಡ್ಸಿ, ನೀರು ಆಡೋಕೆ ಶುರುವಾದ್ರೆ ಬೀಜ ತಾನೇ ತೇಲಿ ಬರತ್ತೆ, ಎಷ್ಟೋ ಸಲ ನೆಡೋದೇ ಬೇಡ. ನೆಡೋದೇ ಆದ್ರೆ ಮಳೆಗಾಲದಲ್ಲಿ ರೈಜೋಫೊರಾ ಅನ್ನೋ ಜಾತಿ ಕಾಂಡ್ಲಾದ ಉದ್ದ ಕೋಡು ಹಣ್ಣಾಗಿ ಉದುರಿದ್ದನ್ನ ಹೆಕ್ಕಿ, ಚೂಪು ತುದಿ ಕೆಳಗೆ ಮಾಡಿ ಮೂರನೇ ಒಂದು ಭಾಗ ಊರಿ. ಹುಳ ಕೊರೆದದ್ದು ಬಿಡಿ.

ಬಳಚು (ತಿನ್ನೋ ಚಿಪ್ಪುಜೀವಿ) ಹೆಕ್ಕೋ ಕೆಸರು ಬಯಲಲ್ಲಂತೂ ನೆಡ್ಲೇಬೇಡಿ, ಅದೂ ಒಂದು ಆವಾಸಾನೇ, ಜನರ ಹೊಟ್ಟೆಪಾಡೂ ಹೌದು. ಕುಮಟಾ ಹತ್ರದ ಅಘನಾಶಿನಿ ಅಳಿವೆ ರಾಮ್ಸಾರ್ ತಾಣ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಬೇರೆ, ಅರಣ್ಯ ಇಲಾಖೆಗೆ ಹೇಳಿಯೇ ಕೆಲ್ಸ ಶುರು ಮಾಡಿ. ಆಮೇಲೆ ಪ್ರತಿ ಮಳೆಗಾಲ ಕಳೆದ್ಮೇಲೆ ಅದೇ ಜಾಗದಿಂದ ಫೋಟೋ ತೆಗೀರಿ, ಬದುಕಿದ್ದೆಷ್ಟು ಎಣಿಸಿ ಬರೆದಿಡಿ.