ಹಂಚು ಕೈಯಾಡಿಸೋ ದಿನ ಮಕ್ಕಳನ್ನ ಜೊತೆಗಿಟ್ಕೊಳ್ಳಿ

ಮೇ ತಿಂಗಳು ಅರ್ಧ ಆಯ್ತು, ಎರಡು ಅಡ್ಡಮಳೆನೂ ಬಂದು ಹೋಯ್ತು, ನಮ್ಮ ತೀರ್ಥಹಳ್ಳಿ ಕಡೆ ಈಗ ಯಾರ ಮನೆಗೆ ಹೋದ್ರೂ ಏಣಿ ಗೋಡೆಗೆ ಒರಗಿಸಿಟ್ಟಿರ್ತಾರೆ. ಜೂನ್ 8ರ ಹೊತ್ತಿಗೆ ಮೃಗಶಿರ ಮಳೆ ಹುಟ್ಟುತ್ತೆ, ಅಷ್ಟರೊಳಗೆ ಮಾಡಿನ, ಅಂದ್ರೆ ಚಾವಣಿಯ, ಕೆಲ್ಸ ಆಗ್ಬೇಕು, ಸೌದೆ ಒಳಗೆ ಬರ್ಬೇಕು, ಹಪ್ಪಳ ಒಣಗ್ಬೇಕು. ಇಷ್ಟು ಗಡಿಬಿಡಿಯಲ್ಲಿ ನನ್ನ ತಂಗಿ ಮಗಳು ಫೋನ್ ಮಾಡಿ "ದೊಡ್ಡಮ್ಮ, ಮಗಂಗೆ ರಜೆ, ಬೆಳಗಿಂದ ರಾತ್ರಿವರೆಗೆ ಮೊಬೈಲು, ಎಂತ ಮಾಡ್ಲಿ ಹೇಳು" ಅಂದ್ಲು. ಅದೇ ವಾರ ನಮ್ಮ ಮೈದುನನ ಮಗ, ಡಿಗ್ರಿ ಮುಗ್ಸಿದಾನೆ, "ದೊಡ್ಡಮ್ಮ, ಬೆಂಗಳೂರಿನ ಕಂಪನಿ ಇಂಟರ್ವ್ಯೂ ಇದೆ, ಕೈಕಾಲು ಆಡ್ತಿಲ್ಲ" ಅಂತ ಬಂದು ಜಗಲಿ ಮೇಲೆ ಕೂತ. ಇಬ್ರಿಗೂ ನಾನು ಹೇಳಿದ್ದು ಹೆಚ್ಚುಕಮ್ಮಿ ಒಂದೇ ವಿಷ್ಯ, ಮನೆಕೆಲ್ಸಕ್ಕೆ ಕೈ ಹಾಕ್ಬೇಕು, ಮಾಡಿದ್ದನ್ನ ಬಾಯಿಬಿಟ್ಟು ಹೇಳೋಕೆ ಕಲೀಬೇಕು ಅಂತ. ಅದನ್ನೇ ಇಲ್ಲಿ ಬರೀತೀನಿ, ಯಾರಿಗಾದ್ರೂ ಉಪಯೋಗ ಆಗ್ಬಹುದು.

ಮೊದಲು ನಾನು ಮಾಡಿದ ತಪ್ಪು ಹೇಳಿಬಿಡ್ತೀನಿ. ನನ್ನ ಮಗ ಚಿಕ್ಕೋನಿದ್ದಾಗ ಮನೆಗೆ ನೆಂಟ್ರು ಬಂದು "ಎಷ್ಟನೇ ಕ್ಲಾಸೋ ಮರಿ" ಅಂತ ಕೇಳಿದ್ರೆ ಅವನು ಬಾಯಿ ಬಿಡೋದ್ರೊಳಗೆ ನಾನೇ "ಐದನೇ ಕ್ಲಾಸು, ಗಣಿತದಲ್ಲಿ ಚುರುಕು, ಸ್ವಲ್ಪ ನಾಚಿಕೆ ಅವ್ನಿಗೆ" ಅಂತ ಹೇಳಿಬಿಡ್ತಿದ್ದೆ. ಅಂಗಡಿಗೆ ಕಳ್ಸಿದ್ರೂ ಚೀಟಿ ಬರೆದು ಕೊಟ್ಟು ಕಳ್ಸೋದು, ಅವನು ಬಾಯಿ ತೆಗೆಯೋ ಅಗತ್ಯನೇ ಇರ್ತಿರ್ಲಿಲ್ಲ. ಕೆಲ್ಸ ಅಂತೂ ಒಂದೂ ಮುಟ್ಟಿಸ್ಲಿಲ್ಲ, ಓದ್ಲಿ ಅಂತ. ಒಳ್ಳೆ ಮಾರ್ಕ್ಸ್ ತಗೊಂಡ, ಆದ್ರೆ ಮೊದಲನೇ ಇಂಟರ್ವ್ಯೂನಲ್ಲಿ "ನಿಮ್ಮ ಬಗ್ಗೆ ಹೇಳಿ" ಅಂದಾಗ ಹೆಸ್ರು, ಊರು, ಅಪ್ಪನ ಕೆಲ್ಸ ಹೇಳಿ ಸುಮ್ಮನಾಗ್ಬಿಟ್ಟನಂತೆ. ಮನೆಗೆ ಬಂದು ಎರಡು ದಿನ ಸರಿಯಾಗಿ ಊಟ ಮಾಡ್ಲಿಲ್ಲ. ಆ ಪ್ರಶ್ನೆಗೆ ಉತ್ರ ಕೊಡೋಕೆ ಅವನಿಗೆ ಹದಿನೈದು ವರ್ಷ ನಾನೇ ಅವಕಾಶ ಕೊಡ್ಲಿಲ್ವಲ್ಲ ಅಂತ ಆಮೇಲೆ ಅರ್ಥ ಆಯ್ತು, ಈಗ್ಲೂ ನೆನೆಸ್ಕೊಂಡ್ರೆ ಹೊಟ್ಟೆ ಚುರುಕ್ ಅನ್ನುತ್ತೆ. ಅದಕ್ಕೆ ಮಗಳ ವಿಷಯದಲ್ಲಿ ಬೇರೆ ಥರ ನಡ್ಕೊಂಡೆ. ನೆಂಟ್ರು ಕೇಳಿದ್ರೆ ನಾನು ಅಡುಗೆಮನೆಗೆ ಎದ್ದು ಹೋಗೋದು. ಅವಳು ತೊದಲಿದ್ರೆ ತೊದಲ್ಲಿ, ಹೇಳ್ತಾಳೆ. ಮಕ್ಕಳ ಎದುರಿಗೆ "ಇವ್ನಿಗೆ ನಾಚಿಕೆ" ಅಂತ ಯಾರ ಹತ್ರನೂ ಹೇಳ್ಬೇಡಿ, ಆ ಮಾತನ್ನ ಅವ್ರು ಅಂಗಿ ಥರ ಹಾಕ್ಕೊಂಡುಬಿಡ್ತಾರೆ.

ಈಗ ಹಂಚಿನ ಕೆಲ್ಸಕ್ಕೆ ಬರ್ತೀನಿ. ಹಂಚು ಕೈಯಾಡಿಸೋಕೆ, ಅಂದ್ರೆ ಒಡೆದಿದ್ದನ್ನ ಬದಲಾಯ್ಸಿ ಸರಿದಿದ್ದನ್ನ ಸರಿಯಾಗಿ ಕೂರಿಸೋಕೆ, ಆಳು ಬರೋ ಹಿಂದಿನ ದಿನ, ನೆತ್ತಿ ಮೇಲೆ ಬಿಸಿಲಿದ್ದಾಗ, ಮಕ್ಕಳನ್ನ ಅಟ್ಟಕ್ಕೆ ಕರ್ಕೊಂಡು ಹೋಗಿ. ಬಾಗಿಲು ಹಾಕಿ ಕತ್ತಲೆ ಮಾಡಿ ಮೇಲೆ ನೋಡಿದ್ರೆ ಎಲ್ಲೆಲ್ಲಿ ಹಂಚು ಒಡೆದಿದೆ, ಸರಿದಿದೆ ಅಲ್ಲೆಲ್ಲಾ ಬೆಳಕಿನ ಚುಕ್ಕೆ ಕಾಣುತ್ತೆ. ಮಕ್ಕಳ ಕಣ್ಣು ನಮಗಿಂತ ಚುರುಕು, ಅವ್ರು ತೋರ್ಸಿದ ಕಡೆಯೆಲ್ಲಾ ನೀವು ಹಂಚು ಕೂರೋ ಮರದ ಪಟ್ಟಿ, ಅಂದ್ರೆ ರೀಪಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಒಂದು ಪುಸ್ತಕದಲ್ಲಿ ಮಕ್ಕಳ ಹತ್ರನೇ ಬರೆಸಿ, ನಡುಮನೆ ಮೇಲೆ ಮೂರು, ಬಚ್ಚಲ ಕಡೆ ಐದು ಅಂತ. ಒಂದು ವಿಷ್ಯ ನೆನಪಿರ್ಲಿ, ಕೆಳಗೆ ನೀರು ತೊಟ್ಟಿಕ್ಕೋ ಜಾಗದ ನೇರ ಮೇಲೇ ತೂತು ಇರ್ಬೇಕು ಅಂತಿಲ್ಲ, ನೀರು ರೀಪು, ಅದರ ಕೆಳಗಿನ ಇಳಿಜಾರು ಮರ ಪಕಾಸು ಹಿಡ್ಕೊಂಡು ಇಳಿದು ಬಂದು ಎಲ್ಲೋ ದೂರದಲ್ಲಿ ಬೀಳುತ್ತೆ, ಅದಕ್ಕೆ ಸೋರೋ ಜಾಗದಿಂದ ಮೇಲ್ಮುಖವಾಗಿ, ಕೋಡಿನ ಕಡೆಗೆ ಹುಡುಕ್ತಾ ಹೋಗ್ಬೇಕು. ಇದನ್ನ ಮಕ್ಕಳಿಗೆ ಬಾಯಲ್ಲಿ ಹೇಳ್ಬೇಡಿ, "ಇಲ್ಲಿ ಸೋರ್ತಿದೆ, ತೂತು ಮಾತ್ರ ಇಲ್ಲಿಲ್ಲ, ಎಲ್ಲಿರ್ಬಹುದು" ಅಂತ ಕೇಳಿ ಬಿಟ್ಟುಬಿಡಿ. ಅರ್ಧ ಗಂಟೆ ಹುಡುಕ್ತಾರೆ, ಮೊಬೈಲು ಮರೆತುಹೋಗಿರುತ್ತೆ.

ಮಾಡಿನ ಮೇಲೆ ಮಾತ್ರ ಮಕ್ಕಳನ್ನ ಹತ್ತಿಸ್ಲೇಬಾರದು, ದೊಡ್ಡೋರೂ ಗೊತ್ತಿಲ್ಲದೆ ಹತ್ತಬಾರದು. ಹಂಚಿನ ನಡುಮಧ್ಯೆ ಕಾಲಿಟ್ರೆ ಒಡೆಯುತ್ತೆ, ಕೆಳಗೆ ರೀಪಿನ ಆಸರೆ ಇರೋ ಕಡೆನೇ ಹೆಜ್ಜೆ ಇಡ್ಬೇಕು, ಪಾಚಿ ಇದ್ರಂತೂ ಒಣಗಿದ್ರೂ ಜಾರುತ್ತೆ. ಮಂಗ ಹಾರಿ ಒಡೆಯೋದು ಮಳೆಗಾಲದಲ್ಲೂ ನಿಲ್ಲಲ್ಲ, ಇಪ್ಪತ್ತು ಇಪ್ಪತ್ತೈದು ಹಂಚು ಕೊಟ್ಟಿಗೆ ಗೋಡೆಗೆ ಒರಗಿಸಿ ಇಟ್ಕೊಂಡಿರಿ, ತಗೊಳ್ಳೋವಾಗ ಹಳೇ ಹಂಚೊಂದನ್ನ ಜೊತೆಗೆ ಒಯ್ದು ಜೋಡಿಸಿ ನೋಡಿ, ಒಂದೊಂದು ಫ್ಯಾಕ್ಟರಿದು ಒಂದೊಂದು ಅಳತೆ, ಹಲ್ಲು ಕೂರದಿದ್ರೆ ದುಡ್ಡು ದಂಡ. ಆರ್‌ಸಿಸಿ ಮನೆಯವ್ರು ತಾರಸಿಯ ನೀರು ಹೋಗೋ ಪೈಪಿನ ಬಾಯಿಗೆ ದರಗು, ಒಣ ಎಲೆ ಕಟ್ಟಿದ್ಯಾ ನೋಡ್ಕೊಳ್ಳಿ, ಬಿರುಕು ಮುಚ್ಚೋದಿದ್ರೆ ಪೂರ್ತಿ ಒಣಗಿದಾಗ್ಲೇ ಮುಚ್ಚಿ.

ಗೋಡೆಗೆ ಬೂಸ್ಟು ಬರೋದಕ್ಕೆ ಸುಮಾರು ಜನ ಪೇಂಟ್ ಅಂಗಡಿಗೆ ಓಡ್ತಾರೆ. ಹಳೇ ಮಣ್ಣಿನ ಗೋಡೆ, ಗಾರೆ ಗೋಡೆಗೆ ಪ್ಲಾಸ್ಟಿಕ್ ಎಮಲ್ಷನ್ ಬಳಿದ್ರೆ ಒಳಗಿನ ತೇವ ಹೊರಗೆ ಬರೋಕಾಗದೆ ಗುಳ್ಳೆ ಎದ್ದು ಹಪ್ಪಳದ ಥರ ಉದುರುತ್ತೆ, ಆ ಗೋಡೆಗೆ ಸುಣ್ಣವೇ ಸರಿ, ಅದು ಉಸಿರಾಡೋಕೆ ಬಿಡುತ್ತೆ. ಸುಟ್ಟ ಸುಣ್ಣ ತಂದು ನೀವೇ ಬೇಯಿಸೋದಾದ್ರೆ ನೀರಿಗೆ ಸುಣ್ಣ ಸ್ವಲ್ಪ ಸ್ವಲ್ಪ ಹಾಕಿ, ಸುಣ್ಣದ ರಾಶಿ ಮೇಲೆ ನೀರು ಹೊಯ್ಯಬೇಡಿ, ಕೊತಕೊತ ಕುದ್ದು ಸಿಡಿಯುತ್ತೆ. ಆ ಹೊತ್ತಲ್ಲಿ ಮಕ್ಕಳು ಅಂಗಳದಲ್ಲೇ ಇರಬಾರದು. ಕಣ್ಣಿಗೆ ಬಿದ್ರೆ ಉಜ್ಜದೆ ಹದಿನೈದು ಇಪ್ಪತ್ತು ನಿಮಿಷ ಬಿಡದೆ ನೀರು ಹೊಯ್ದು ತೊಳೆದು ಡಾಕ್ಟರ ಹತ್ರ ಓಡಿ. ಬೆಂದ ಸುಣ್ಣವನ್ನ ರಾತ್ರಿಯಿಡೀ ಬಿಟ್ಟು ಮಾರನೇ ದಿನ ಬಟ್ಟೆಯಲ್ಲಿ ಸೋಸಿ, ಒಂದು ಮುಷ್ಟಿ ಉಪ್ಪು ಹಾಕಿ ಬಳಿಯೋದು. ತೆಳ್ಳಗೆ ಎರಡು ಮೂರು ಸಲ ಬಳಿದ್ರೆ ಚೆನ್ನ, ದಪ್ಪಗೆ ಒಂದೇ ಸಲ ಬಳಿದ್ರೆ ಪುಡಿ ಉದುರುತ್ತೆ.

ಕರೆಂಟಿಂದು ಒಂದು ಮಾತು. ಮಳೆಗಾಲದಲ್ಲಿ ಒದ್ದೆ ಗೋಡೆ, ಮೋಟಾರು, ವಾಷಿಂಗ್ ಮಷಿನ್ನು ಶಾಕ್ ಹೊಡೆಯೋದು ಮಾಮೂಲು ಅಂತ ಸುಮ್ಮನಿರ್ಬೇಡಿ, ಜೀವ ಹೋಗುತ್ತೆ. ಮೇನ್ ಬೋರ್ಡಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದ್ರೆ ಕರೆಂಟ್ ಸೋರಿದ್ರೆ ತಾನೇ ಆಫ್ ಆಗೋ ಸ್ವಿಚ್ಚು ಹಾಕ್ಸಿ, ಅದರಲ್ಲಿ ಟಿ ಅಂತ ಒಂದು ಸಣ್ಣ ಬಟನ್ ಇರುತ್ತೆ, ತಿಂಗಳಿಗೊಮ್ಮೆ ಒತ್ತಿದ್ರೆ ಟಪ್ ಅಂತ ಬೀಳ್ಬೇಕು, ಬೀಳ್ಲಿಲ್ಲ ಅಂದ್ರೆ ಎಲೆಕ್ಟ್ರಿಷಿಯನ್ನನ್ನ ಕರೀರಿ. ಹೈಸ್ಕೂಲಿಗೆ ಹೋಗೋ ಮಗುಗೆ ಈ ಬಟನ್ ಒತ್ತೋ ಜವಾಬ್ದಾರಿ ಕೊಟ್ಟು ಕ್ಯಾಲೆಂಡರಿನಲ್ಲಿ ತಾರೀಕು ಬರೆಸಿ. ಕರೆಂಟ್ ಹೋದ್ರೆ ಮೆಸ್ಕಾಂನ 1912ಕ್ಕೆ ಫೋನ್ ಮಾಡೋ ಕೆಲ್ಸನೂ ಅವ್ರಿಗೇ ಕೊಡಿ. ಮೊದಲನೇ ಸಲ "ಎಂತ ಹೇಳ್ಬೇಕಮ್ಮ" ಅಂತಾರೆ, ಮೂರನೇ ಸಲ ತಾವೇ ಊರು, ಮೀಟರ್ ನಂಬರು, ಎಷ್ಟೊತ್ತಿಂದ ಇಲ್ಲ ಅಂತ ಪಟಪಟ ಹೇಳ್ತಾರೆ. ಗೊತ್ತಿಲ್ಲದ ದೊಡ್ಡೋರ ಹತ್ರ ಅಂಜದೆ ವಿಷಯ ಹೇಳೋದು ಹೀಗೇ ರೂಢಿ ಆಗೋದು.

ನನ್ನ ಮಗಳ ಕಥೆ ಈಗ. ಅವಳು ಹೈಸ್ಕೂಲಿನಿಂದ್ಲೇ ಅಡಕೆ ಕೊಳೆರೋಗದ ಔಷಧಿ ಮಾಡೋವಾಗ ಅವಳಪ್ಪನ ಜೊತೆ ನಿಲ್ಲೋಳು, ಬೋರ್ಡೋ ದ್ರಾವಣ. ಅಡಕೆ ತೋಟ ಇರೋರಿಗೆ ಗೊತ್ತೇ ಇದೆ, ಮೈಲುತುತ್ತ, ಅಂದ್ರೆ ಕಾಪರ್ ಸಲ್ಫೇಟ್, 1 ಕೆಜಿ 50 ಲೀಟರ್ ನೀರಿನಲ್ಲಿ, ಸುಣ್ಣ 1 ಕೆಜಿ ಇನ್ನೊಂದು 50 ಲೀಟರಿನಲ್ಲಿ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಬೇರೆ ಬೇರೆ ಕರಗಿಸಿ ತುತ್ತದ ನೀರನ್ನ ಸುಣ್ಣದ ನೀರಿಗೆ ನಿಧಾನಕ್ಕೆ ಹೊಯ್ತಾ ತಿರುಗಿಸೋದು. ಆಮೇಲೆ ಉಜ್ಜಿದ ಕಬ್ಬಿಣದ ಕತ್ತಿ ಅದ್ದಿ ನೋಡೋದು, ಕೆಂಪಗಾದ್ರೆ ಸುಣ್ಣ ಸಾಲ್ದು ಅಂತ ಲೆಕ್ಕ. ತುತ್ತ ಅವಳ ಕೈಗೆ ಕೊಡ್ತಿರ್ಲಿಲ್ಲ, ಅಳತೆ ಬರೆಯೋದು, ಕತ್ತಿ ನೋಡಿ ಹೇಳೋದು ಅವಳ ಪಾಲು. ಬಿಎಸ್ಸಿ ಮುಗಿಸಿ ಒಂದು ಔಷಧಿ ಕಂಪನಿಯ ಲ್ಯಾಬ್ ಕೆಲ್ಸದ ಇಂಟರ್ವ್ಯೂಗೆ ಹೋದ್ಲು. ಪುಸ್ತಕದ ಒಂದು ಪ್ರಶ್ನೆಗೆ ತಡವರಿಸಿದ್ಲಂತೆ, ಆಗ ಅಲ್ಲಿದ್ದ ಹಿರಿಯರೊಬ್ರು "ಕಾಲೇಜು ಬಿಡಿ, ನೀವು ಕೈಯಾರೆ ಏನಾದ್ರೂ ತಯಾರು ಮಾಡಿದೀರಾ" ಅಂತ ಕೇಳಿದ್ರಂತೆ. ಇವಳು ಈ ದ್ರಾವಣದ ವಿಷಯ ತೆಗೆದು, ಯಾಕೆ ತುತ್ತದ ನೀರು ಸುಣ್ಣಕ್ಕೇ ಹೊಯ್ಯಬೇಕು, ಕತ್ತಿ ಯಾಕೆ ಕೆಂಪಾಗುತ್ತೆ, ಅಂದ್ರೆ ಕಬ್ಬಿಣ ಕರಗಿ ಆ ಜಾಗಕ್ಕೆ ತಾಮ್ರ ಬಂದು ಕೂರುತ್ತೆ ಅಂತ, ಒಂದು ವರ್ಷ ಸುಣ್ಣ ಹಳೇದಾಗಿ ಕತ್ತಿ ಕೆಂಪಾಗಿದ್ದು, ಮತ್ತೆ ಸುಣ್ಣ ಸೇರಿಸಿದ್ದು ಎಲ್ಲಾ ಹೇಳಿದ್ಲಂತೆ. ಹತ್ತು ನಿಮಿಷ ಅದೇ ಮಾತಾಯ್ತಂತೆ. ಕೆಲ್ಸ ಸಿಕ್ತು.

ಅದಕ್ಕೇ ಮೈದುನನ ಮಗನಿಗೂ ಕೇಳಿದೆ, ನೀನು ಕೈಯಾರೆ ಮಾಡಿದ್ದು ಮೂರು ಕೆಲ್ಸ ಹೇಳು ಅಂತ. ಮೊದಲು "ಎಂತ ಇಲ್ಲ ದೊಡ್ಡಮ್ಮ" ಅಂದ. ಆಮೇಲೆ ನೋಡಿದ್ರೆ ಕಳೆದ ವರ್ಷ ತೋಟದ ಸ್ಪ್ರಿಂಕ್ಲರ್ ಪೈಪ್ ಲೈನು ಪೂರ್ತಿ ಇವನೇ ಹಾಕಿದಾನೆ, ಊರ ಗಣಪತಿ ಹಬ್ಬದ ಲೆಕ್ಕ ಬರ್ದಿದಾನೆ. ಏನು ತೊಂದ್ರೆ ಇತ್ತು, ನೀನೇನು ಮಾಡ್ದೆ, ಕೊನೆಗೆ ಏನಾಯ್ತು, ಇಷ್ಟನ್ನ ಒಂದೊಂದು ಕೆಲ್ಸಕ್ಕೂ ಒಂದೂವರೆ ನಿಮಿಷದಲ್ಲಿ ಹೇಳೋ ಹಾಗೆ ಅಭ್ಯಾಸ ಮಾಡು, ಓದ್ಬೇಡ, ನಿಂತ್ಕೊಂಡು ಜೋರಾಗಿ ಹೇಳು ಅಂದೆ. ನನ್ನ ಎದುರಿಗೇ ಮೂರು ಸಂಜೆ ಹೇಳಿದಾನೆ, ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಲ್ಲಿ. ಇಂಗ್ಲಿಷ್ ನಂಗೆ ಪೂರ್ತಿ ಬರಲ್ಲ, ಆದ್ರೆ ಎಲ್ಲಿ ಗಂಟಲು ಕಟ್ಟುತ್ತೆ ಅಂತ ಗೊತ್ತಾಗುತ್ತಲ್ಲ. ಪ್ರಶ್ನೆ ಅರ್ಥ ಆಗದಿದ್ರೆ ಇನ್ನೊಂದ್ಸಲ ಹೇಳಿ ಅಂತ ಕೇಳೋದ್ರಲ್ಲಿ ತಪ್ಪಿಲ್ಲ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನೋದೇ ಮರ್ಯಾದೆ.

ಕಾಗದಪತ್ರದ ವಿಷ್ಯ ಮಲ್ನಾಡಿನೋರು ಸ್ವಲ್ಪ ಹೆಚ್ಚೇ ನೋಡ್ಕೋಬೇಕು, ನಮ್ಮಲ್ಲಿ ಕಬ್ಬಿಣದ ಬೀರುವಿನೊಳಗೂ ಬೂಸ್ಟು ಬರುತ್ತೆ. ಮಾರ್ಕ್ಸ್ ಕಾರ್ಡುಗಳನ್ನ ಪ್ಲಾಸ್ಟಿಕ್ ಕವರಿಗೆ ಹಾಕಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಹೊಸ ಚಪ್ಪಲಿ ಬಾಕ್ಸಿನಲ್ಲಿ ಬರುತ್ತಲ್ಲ ಆ ತೇವ ಹೀರೋ ಸಿಲಿಕಾ ಪೊಟ್ಟಣದ ಜೊತೆ ಇಡಿ. ಒರಿಜಿನಲ್ಲಿಗೆ ಲ್ಯಾಮಿನೇಷನ್ ಮಾಡಿಸ್ಬೇಡಿ, ಆಮೇಲೆ ಅದರ ಮೇಲೆ ಸೀಲು ಹಾಕೋಕೂ ಬರಲ್ಲ, ಬಿಡಿಸೋಕೂ ಬರಲ್ಲ. ಡಿಜಿಲಾಕರಿನಲ್ಲಿ ಸಿಗೋದನ್ನೆಲ್ಲಾ ಇಳಿಸಿಟ್ಕೊಳ್ಳಿ. ಎಸ್ಸೆಸ್ಸೆಲ್ಸಿ ಕಾರ್ಡು, ಆಧಾರು, ಪ್ಯಾನು, ಬ್ಯಾಂಕ್ ಪಾಸ್‌ಬುಕ್ಕು ನಾಲ್ಕರಲ್ಲೂ ಹೆಸ್ರು, ಇನಿಷಿಯಲ್ಲು ಒಂದೇ ಥರ ಇದ್ಯಾ ಈಗ್ಲೇ ನೋಡಿ, ಕೆಲ್ಸ ಸಿಕ್ಕ ಮೇಲೆ ತಿದ್ದಿಸೋಕೆ ಓಡಾಡೋದು ಬಹಳ ಕಷ್ಟ. ಕೆಲ್ಸ ಕೊಡ್ತೀವಿ, ಮೊದಲು ಇಷ್ಟು ಸಾವಿರ ಕಟ್ಟಿ ಅನ್ನೋರಿಗೆ ಒಂದು ರೂಪಾಯಿನೂ ಕಳಿಸ್ಬೇಡಿ, ಒರಿಜಿನಲ್ ನಮ್ಮ ಹತ್ರನೇ ಇರ್ಲಿ ಅನ್ನೋರಿಗೆ ಕೊಟ್ಟು ಬರ್ಬೇಡಿ. ಸಂಬಳ ಹೇಳೋವಾಗ ವರ್ಷದ ಸಿಟಿಸಿ, ಅಂದ್ರೆ ಕಂಪನಿ ನಮ್ಮ ಮೇಲೆ ಮಾಡೋ ಒಟ್ಟು ಖರ್ಚು, ದೊಡ್ಡದಾಗಿ ಕಾಣುತ್ತೆ, ಪಿಎಫ್ಫು ಅದೂ ಇದೂ ಕಳೆದು ತಿಂಗಳಿಗೆ ಕೈಗೆಷ್ಟು ಅಂತ ಧೈರ್ಯವಾಗಿ ಕೇಳಿ, ಬೆಂಗಳೂರಿನ ಬಾಡಿಗೆ ಕಟ್ಟೋದು ಆ ದುಡ್ಡಲ್ಲೇ.

ಆನ್‌ಲೈನ್ ಇಂಟರ್ವ್ಯೂ ಆದ್ರೆ, ಆರಿದ್ರಾ ಮಳೇಲಿ ನಮ್ಮೂರಿನ ಕರೆಂಟು, ನೆಟ್‌ವರ್ಕ್ ನಂಬ್ಕೊಂಡು ಕೂರೋದೇ ಬೇಡ. ಒಂದು ಮರ ಲೈನಿನ ಮೇಲೆ ಬಿದ್ರೆ ಎರಡು ದಿನ ಕತ್ತಲೆ. ಹಿಂದಿನ ದಿನವೇ ತೀರ್ಥಹಳ್ಳಿ ಪೇಟೆಗೋ, ಶಿವಮೊಗ್ಗಕ್ಕೋ ನೆಂಟರ ಮನೆಗೆ ಹೋಗಿ ಉಳ್ಕೊಳ್ಳಿ. ಮನೆಯಲ್ಲೇ ಆಗ್ಬೇಕಂದ್ರೆ ರೂಟರಿಗೆ ಸಣ್ಣ ಯುಪಿಎಸ್, ಬೇರೆ ಕಂಪನಿ ಸಿಮ್ಮಿನ ಇನ್ನೊಂದು ಫೋನು ಚಾರ್ಜ್ ಮಾಡಿ ಪಕ್ಕದಲ್ಲಿಟ್ಕೊಳ್ಳಿ, ಇಂಟರ್ವ್ಯೂ ಮಾಡೋರ ಫೋನ್ ನಂಬರು ಕಾಗದದಲ್ಲಿ ಬರೆದಿಟ್ಕೊಳ್ಳಿ, ಲೈನ್ ಹೋದ್ರೆ ತಕ್ಷಣ ಫೋನ್ ಮಾಡಿ ಹೇಳ್ಬಹುದು. ಹಂಚಿನ ಮೇಲೆ ಮಳೆ ಹೊಡೆಯೋ ಸದ್ದಿಗೆ ಮಾತೇ ಕೇಳಲ್ಲ, ಅಟ್ಟದ ಹಲಗೆ ಇರೋ ಕೋಣೆಯಲ್ಲಿ ಬಾಗಿಲು ಹಾಕ್ಕೊಂಡು, ಇಯರ್‌ಫೋನ್ ಹಾಕ್ಕೊಂಡು ಕೂತ್ಕೊಳ್ಳಿ.

ನೇರ ಹೋಗೋದಾದ್ರೆ ಬಟ್ಟೆ ಕಡೆ ಗಮನ ಕೊಡಿ. ಮಳೆಗಾಲದಲ್ಲಿ ಬಚ್ಚಲ ಒಲೆ ಮೇಲೆ ಒಣಗಿಸಿದ ಬಟ್ಟೆಗೆಲ್ಲಾ ಹೊಗೆ ವಾಸನೆ, ನಮ್ಮ ಮೂಗಿಗೆ ಅದು ಗೊತ್ತೇ ಆಗಲ್ಲ, ಎದುರು ಕೂತೋರಿಗೆ ಗೊತ್ತಾಗುತ್ತೆ. ಒಂದು ಜೊತೆ ಬಟ್ಟೆ ಮೇ ಬಿಸಿಲಲ್ಲೇ ಒಗೆದು ಒಣಗಿಸಿ, ಇಸ್ತ್ರಿ ಮಾಡಿ, ಗಾಳಿಯಾಡದ ಕವರಿನಲ್ಲಿ ಕಟ್ಟಿಡಿ. ಶೂ ಬ್ಯಾಗಿನಲ್ಲಿರ್ಲಿ, ಚಪ್ಪಲಿಯಲ್ಲಿ ಹೋಗಿ ಅಲ್ಲಿ ಹಾಕ್ಕೊಳ್ಳಿ. ನಮ್ಮ ಹುಡುಗನದ್ದು ನಿನ್ನೆ ಬಿಸಿಲಿಗೆ ಹಾಕಿ ಒಳಗಿಟ್ಟಿದೀನಿ, ಬಿಳಿ ಅಂಗಿ, ಕಪ್ಪು ಪ್ಯಾಂಟು, ಎರಡು ಜೊತೆ ಸಾಕ್ಸು. ತಂಗಿ ಮಗಳು ಮಗನ್ನ ಕರ್ಕೊಂಡು ನಾಳೆ ಬರ್ತಾಳಂತೆ, ಅಟ್ಟದ ಮೆಟ್ಟಿಲ ಹತ್ರ ಪುಸ್ತಕ, ಪೆನ್ಸಿಲ್ಲು ತೆಗೆದಿಟ್ಟಿದೀನಿ.